ಸಮ ಚಿಹ್ನೆಯ ಎರಡು ಬದಿ

8 + 4 = ☐ + 5. ಚೌಕದಲ್ಲಿ ಯಾವ ಸಂಖ್ಯೆ ಬರಬೇಕು?

ರಾಟರ್‌ಡ್ಯಾಮಿನ ದಕ್ಷಿಣ ಭಾಗದಲ್ಲಿರುವ ನನ್ನ ಶಾಲೆಗೆ ಬೇಸಿಗೆ ರಜೆ ಮುಗಿಸಿ ಹೊಸದಾಗಿ ಬರುವ ಹನ್ನೆರಡು ವರ್ಷದ ಮಕ್ಕಳಿಗೆ ನಾನು ಕೊಡುವ ಮೊದಲ ಲೆಕ್ಕ ಇದು. ಪ್ರತಿ ವರ್ಷವೂ ಅರ್ಧಕ್ಕಿಂತ ಹೆಚ್ಚು ಮಕ್ಕಳು 12 ಎಂದು ಬರೆಯುತ್ತಾರೆ. ಕೆಲವರು ಕಂಡದ್ದನ್ನೆಲ್ಲ ಕೂಡಿಸಿ 17 ಎನ್ನುತ್ತಾರೆ. 7 ಬರೆಯುವವರು ಕಡಿಮೆ. ಧಾರವಾಡದ ಕನ್ನಡ ಶಾಲೆಯಲ್ಲಿ ಬೀಜಗಣಿತ ಕಲಿತ ನಾನು ಇಲ್ಲಿ ಅದನ್ನು ಡಚ್ಚಿನಲ್ಲಿ ಕಲಿಸತೊಡಗಿ ಹದಿನಾಲ್ಕು ವರ್ಷವಾಯಿತು. ನನ್ನ ತರಗತಿಯಲ್ಲಿ ಮೊರಾಕ್ಕೊ, ಟರ್ಕಿ, ಸುರಿನಾಮ್, ಕೇಪ್ ವರ್ಡ್ ಮೂಲದ ಮನೆಗಳ ಮಕ್ಕಳಿದ್ದಾರೆ. ಸಿರಿಯಾ, ಎರಿಟ್ರಿಯಾದಿಂದ ಬಂದವರಿದ್ದಾರೆ. ಬಂದರಿನಲ್ಲಿ ಮೂಟೆ ಹೊತ್ತ ಡಚ್ ಅಜ್ಜಂದಿರ ಮೊಮ್ಮಕ್ಕಳೂ ಇದ್ದಾರೆ.

ನೆದರ್‌ಲ್ಯಾಂಡ್ಸಿನ ಶಾಲಾ ವ್ಯವಸ್ಥೆ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರಾಥಮಿಕ ಶಾಲೆ ಎಂಟು ವರ್ಷ. ಕೊನೆಯ ವರ್ಷಕ್ಕೆ ‘ಗ್ರೂಪ್ 8’ ಎಂದು ಹೆಸರು. ಆ ವರ್ಷ ಶಿಕ್ಷಕರು ಪ್ರತಿ ಮಗುವಿಗೂ ಒಂದು ‘ಶಾಲಾ ಸಲಹೆ’ ಬರೆಯುತ್ತಾರೆ: ವೃತ್ತಿಯ ಕಡೆಗೆ ಒಯ್ಯುವ ನಾಲ್ಕು ವರ್ಷದ ವಿಎಂಬಿಒ, ಐದು ವರ್ಷದ ಹಾವೋ, ಇಲ್ಲವೇ ಆರು ವರ್ಷದ ವಿಡಬ್ಲ್ಯೂಒ. ವಿಶ್ವವಿದ್ಯಾಲಯಕ್ಕೆ ನೇರ ದಾರಿ ಇರುವುದು ಕೊನೆಯದರಿಂದ ಮಾತ್ರ. ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ನಡೆಯುವ ವಿಂಗಡಣೆ ಇಲ್ಲಿ ಹನ್ನೆರಡರ ಹರೆಯಕ್ಕೇ ಮುಗಿದಿರುತ್ತದೆ.

ಎಂಟು ವರ್ಷಗಳಿಂದ ನಾವು ಕೆಲವರು ಹದಿನೈದು ದಿನಕ್ಕೊಮ್ಮೆ ಬುಧವಾರ ಮಧ್ಯಾಹ್ನ ಒಂದೇ ಮೇಜಿನ ಸುತ್ತ ಕೂರುತ್ತೇವೆ. ಗಣಿತದ ಶಿಕ್ಷಕರು ನಾಲ್ವರು, ಹತ್ತಿರದ ಪ್ರಾಥಮಿಕ ಶಾಲೆಗಳ ಗ್ರೂಪ್ 8ರ ಶಿಕ್ಷಕಿಯರು ಇಬ್ಬರು, ವಿಶ್ವವಿದ್ಯಾಲಯದ ಸಂಶೋಧಕಿ ಒಬ್ಬರು. ಬುಧವಾರವೇ ಏಕೆಂದರೆ, ಇಲ್ಲಿ ಎಷ್ಟೋ ಪ್ರಾಥಮಿಕ ಶಾಲೆಗಳಿಗೆ ಅಂದು ಮಧ್ಯಾಹ್ನ ರಜೆ. ಆ ಮೇಜಿನ ಬಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ತಪ್ಪನ್ನು ತಿದ್ದುವ ಮುಂಚೆ ಅದನ್ನು ಓದಬೇಕು.

ಮೊದಲ ವರ್ಷಗಳಲ್ಲಿ ನನ್ನ ಕೆಂಪು ಪೆನ್ನು ಬಹಳ ಚುರುಕಾಗಿತ್ತು. ಮೂರಕ್ಕೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸು ಎಂದರೆ ಮಕ್ಕಳು 3 + 4 = 7 × 2 = 14 ಎಂದು ಒಂದೇ ಸಾಲಿನಲ್ಲಿ ಬರೆಯುತ್ತಿದ್ದರು. ಡಚ್ ಮೇಷ್ಟ್ರುಗಳು ಇದನ್ನು ‘ಬ್ರೇಯೆನ್’ ಎನ್ನುತ್ತಾರೆ, ಅಂದರೆ ಉಲ್ಲನ್ ಹೆಣೆಯುವುದು. ನಾನೂ ಅಡ್ಡಗೆರೆ ಎಳೆದು ‘ಹೆಣಿಗೆ ಬೇಡ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಒಬ್ಬ ಹುಡುಗಿ ವರ್ಷವಿಡೀ ಹೀಗೇ ಬರೆದಳು. ವರ್ಷದ ಕೊನೆಗೆ ಅವಳನ್ನು ಕೆಳಗಿನ ಹಂತದಲ್ಲೇ ಉಳಿಸಬೇಕೆಂದು ನಾನು ಷರಾ ಬರೆದೆ.

ಅವಳು ಲೆಕ್ಕ ಮಾಡುತ್ತಾ ಆಡಿದ ಮಾತನ್ನು ಸಂಶೋಧಕಿ ಧ್ವನಿಮುದ್ರಿಸಿದ್ದರು. ಮೇಜಿನ ಬಳಿ ಅದನ್ನು ಕೇಳಿದಾಗ ನಾನು ಷರಾ ಬರೆದು ಎರಡು ತಿಂಗಳಾಗಿತ್ತು. “ಮೂರು ನಾಲ್ಕು ಕೂಡಿಸಿದೆ, ಏಳು ಬಂತು. ಎರಡರಿಂದ ಗುಣಿಸಿದೆ, ಹದಿನಾಲ್ಕು ಬಂತು.” ಅವಳ ಯೋಚನೆಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಸಮ ಚಿಹ್ನೆ ಅವಳಿಗೆ ‘ಬಂತು’ ಎಂಬ ಕ್ರಿಯಾಪದವಾಗಿತ್ತು, ಅಷ್ಟೆ. ಕ್ಯಾಲ್ಕುಲೇಟರಿನ ಗುಂಡಿ ಕಲಿಸುವುದೂ ಅದನ್ನೇ: ಒತ್ತಿದರೆ ಉತ್ತರ ಬರುತ್ತದೆ. ಆರು ವರ್ಷದ ಅಂಕಗಣಿತದಲ್ಲಿ ಎಡಗಡೆ ಲೆಕ್ಕ, ಬಲಗಡೆ ಉತ್ತರ ಎಂಬುದನ್ನು ಮಾತ್ರ ಕಂಡ ಮಗು 8 + 4 ಆದ ಮೇಲೆ 12 ಎಂದು ಬರೆಯದೆ ಇನ್ನೇನು ಬರೆದೀತು? 1999ರಲ್ಲಿ ಅಮೆರಿಕದ ಸಂಶೋಧಕರು ಇದೇ ಲೆಕ್ಕವನ್ನು ಆರನೇ ತರಗತಿಯ ಮಕ್ಕಳಿಗೆ ಕೊಟ್ಟು ಇವೇ 12, 17 ಎಂಬ ಉತ್ತರಗಳನ್ನು ಕಂಡಿದ್ದರು. ಇದು ವಲಸಿಗರ ಮಕ್ಕಳ ಕೊರತೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಆಡುತ್ತಿದ್ದ ಮಾತು ಆ ಪ್ರಬಂಧ ಓದಿದ ದಿನ ನಿಂತಿತು.

ಧಾರವಾಡದಲ್ಲಿ ನಮ್ಮ ಗುರುಗಳು ಆ ಎರಡು ಗೆರೆಯನ್ನು ‘ಸಮ’ ಎಂದೇ ಓದಿಸುತ್ತಿದ್ದರು. ಇಲ್ಲಿನ ಮಕ್ಕಳು ‘ಇಸ್’, ಅಂದರೆ ‘ಆಗಿದೆ’, ಎಂದು ಓದುತ್ತಾರೆ. ಒಂದು ಶಬ್ದ ಮಗುವಿಗೆ ಎಷ್ಟು ಸಹಾಯ ಮಾಡಬಲ್ಲದು ಎಂಬುದು ನನಗೆ ಪರದೇಶದಲ್ಲಿ ಹೊಳೆಯಿತು. ಈಗ ನಮ್ಮ ಶಾಲೆಯಲ್ಲಿ ಮೊದಲ ಆರು ವಾರ ಆ ಚಿಹ್ನೆಯನ್ನು ‘ಅಷ್ಟೇ ಭಾರ’ ಎಂದು ಓದಿಸುತ್ತೇವೆ. ಹಂತ ಹಂತವಾಗಿ ಸಾಗುವ ಲೆಕ್ಕಕ್ಕೆ ಸಮ ಚಿಹ್ನೆಯ ಬದಲು ಬಾಣ ಹಾಕಿಸುತ್ತೇವೆ. ಈ ಬಾಣದ ಬರಹ ಉಟ್ರೆಖ್ಟಿನ ಗಣಿತ ಶಿಕ್ಷಣದ ಸಂಶೋಧಕರು ಬಹಳ ಹಿಂದೆಯೇ ಬಳಕೆಗೆ ತಂದದ್ದು. ತಕ್ಕಡಿಯ ಚಿತ್ರವನ್ನೂ ಬರೆಯುತ್ತಿದ್ದೆ. ಹುಬ್ಬಳ್ಳಿಯ ಬೆಲ್ಲದ ಅಂಗಡಿಯಲ್ಲಿ ತಕ್ಕಡಿ ನೋಡಿ ಬೆಳೆದ ನನಗೆ ಅದು ಸಹಜ. ಬಟನ್ ಒತ್ತಿ ತೂಗುವ ಯಂತ್ರವನ್ನೇ ಕಂಡ ಮಕ್ಕಳಿಗೆ ಅದೂ ಒಂದು ಒಗಟಾಯಿತು. ಕೊನೆಗೆ ಆಟದ ಬಯಲಿನ ಏರುಪೇರು ಹಲಗೆ ನೆರವಿಗೆ ಬಂತು. ಇಲ್ಲಿನವರು ಅದನ್ನು ‘ವಿಪ್’ ಎನ್ನುತ್ತಾರೆ. ಒಂದು ಬದಿಯಿಂದ ಒಬ್ಬ ಇಳಿದರೆ ಇನ್ನೊಂದು ಬದಿಯಿಂದಲೂ ಅಷ್ಟೇ ಭಾರದವನು ಇಳಿಯಬೇಕು ಎಂಬುದನ್ನು ಯಾವ ಮಗುವಿಗೂ ಹೇಳಿಕೊಡಬೇಕಾಗಲಿಲ್ಲ. ನಮ್ಮಲ್ಲಿ ‘ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ’ ಎಂದು ಬಾಯಿಪಾಠ ಮಾಡಿಸುವುದರ ಹಿಂದಿನ ಕಾರಣ ಆ ಹಲಗೆಯ ಮೇಲೆ ಕಣ್ಣಿಗೆ ಕಾಣುತ್ತದೆ.

ಆ ಹುಡುಗಿ ಅಷ್ಟರಲ್ಲಿ ಬೇರೆ ಶಾಲೆಗೆ ಹೋಗಿದ್ದಳು. ನನ್ನ ಷರಾ ಅವಳ ಕಡತದಲ್ಲಿ ಈಗಲೂ ಇದೆ.

2. ವಿಂಗಡಿಸುವ ಕೈಗೆ ಹೆಸರು ಕಾಣಬಾರದು.

2014–15ರಿಂದ ಇಲ್ಲಿ ಶಿಕ್ಷಕರ ಸಲಹೆಯೇ ನಿರ್ಣಾಯಕವಾಯಿತು, ಗ್ರೂಪ್ 8ರ ಪರೀಕ್ಷೆ ಹಿಂದೆ ಸರಿಯಿತು. ಒಂದು ದಿನದ ಪರೀಕ್ಷೆಗಿಂತ ಮಗುವನ್ನು ವರ್ಷಗಟ್ಟಲೆ ಬಲ್ಲ ಶಿಕ್ಷಕರ ಮಾತು ಮೇಲು ಎಂಬುದು ಅದರ ಹಿಂದಿನ ಸದಾಶಯ. 2016ರಲ್ಲಿ ಶಿಕ್ಷಣ ತನಿಖಾ ಇಲಾಖೆಯ ವಾರ್ಷಿಕ ವರದಿ ಬೇರೆಯದನ್ನೇ ತೋರಿಸಿತು: ಒಂದೇ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ ಹೆಚ್ಚು ಓದಿದ ತಂದೆತಾಯಿಯ ಮಗುವಿಗೆ ಮೇಲಿನ ಸಲಹೆ, ಕಡಿಮೆ ಓದಿದವರ ಮಗುವಿಗೆ ಕೆಳಗಿನ ಸಲಹೆ ಸಿಗುವುದು ಹೆಚ್ಚುತ್ತಿದೆ ಎಂದು. 2023–24ರಿಂದ ನಿಯಮ ಮತ್ತೆ ಬದಲಾಗಿ ಪರೀಕ್ಷೆ ಚಳಿಗಾಲಕ್ಕೆ ಬಂತು. ಅದರ ಫಲಿತಾಂಶ ಸಲಹೆಗಿಂತ ಮೇಲಿದ್ದರೆ ಶಾಲೆ ಸಲಹೆಯನ್ನು ಏರಿಸಬೇಕು, ಏರಿಸದಿದ್ದರೆ ಕಾರಣ ಬರೆದು ಕೊಡಬೇಕು.

ನಮ್ಮ ಮೇಜಿನ ಗ್ರೂಪ್ 8ರ ಶಿಕ್ಷಕಿ ಒಬ್ಬ ಹುಡುಗನ ಬಗ್ಗೆ ಒಮ್ಮೆ ಹೇಳಿದರು: “ಲೆಕ್ಕದಲ್ಲಿ ಜಾಣ. ಆದರೆ ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ. ಹಾವೋಗೆ ಹೋದರೆ ಸೋತಾನು, ಪಾಪ.” ಅವರು ಒಳ್ಳೆಯ ಮನಸ್ಸಿನವರು, ಆ ಮಾತೂ ಕನಿಕರದ್ದೇ. ಈ ಕನಿಕರದ ಬೆಲೆ ತೆರುವುದು ಮಗು. ಮುಂದಿನ ಬಾರಿ ಸಂಶೋಧಕಿ ಒಂದು ಕೆಲಸ ಮಾಡಿದರು. ಎರಡು ಶಾಲೆಗಳ ನೋಟ್‌ಬುಕ್ಕಿನ ಪುಟಗಳನ್ನು ಹೆಸರು ಮುಚ್ಚಿ ಜೆರಾಕ್ಸ್ ಮಾಡಿ ತಂದು, ಯಾವ ಪುಟದ ಯೋಚನೆ ಎಷ್ಟು ಗಟ್ಟಿ ಎಂದು ಬರೆಯಿರಿ ಎಂದರು. ಬರೆದಾದ ಮೇಲೆ ಹೆಸರು ತೆರೆದೆವು. ಆ ಹುಡುಗನ ಪುಟವನ್ನು ನಾವು ಏಳು ಮಂದಿಯೂ ಮೇಲಿನ ಗುಂಪಿಗೆ ಸೇರಿಸಿದ್ದೆವು, ಅವನ ಶಿಕ್ಷಕಿಯೂ. ಅವರು ಅಂದು ಬಹಳ ಹೊತ್ತು ಮಾತಾಡಲಿಲ್ಲ. ಈಗ ಜನವರಿಯ ಸಲಹೆಗೆ ಮುಂಚೆ ಈ ಕೆಲಸವನ್ನು ಪ್ರತಿ ವರ್ಷ ತಪ್ಪದೆ ಮಾಡಿಸುವವರು ಅವರೇ.

ಹನ್ಸ್ ಫ್ರಾಯ್ಡೆಂಟಾಲ್ (1905–1990) ಎಂಬ ಗಣಿತಜ್ಞರ ಹೆಸರು ಈ ದೇಶದ ಗಣಿತ ಶಿಕ್ಷಣದಲ್ಲಿ ಎಲ್ಲೆಲ್ಲೂ ಕೇಳಿಬರುತ್ತದೆ. 1971ರಲ್ಲಿ ಅವರು ಉಟ್ರೆಖ್ಟಿನಲ್ಲಿ ಕಟ್ಟಿದ ಸಂಸ್ಥೆಯ ಮುಂದುವರಿಕೆಗೆ 1991ರಲ್ಲಿ ಅವರ ಹೆಸರನ್ನೇ ಇಟ್ಟರು. ಬಲ್ಲವರೂ ಬಾರದವರೂ ಒಂದೇ ಗುಂಪಿನಲ್ಲಿ ಕೂತು ಕಲಿಯಬೇಕು ಎಂಬುದು ಅವರ ಗಟ್ಟಿ ನಿಲುವಾಗಿತ್ತು. ಅವರ ಲೆಕ್ಕದ ಪಾಠಗಳನ್ನು ದೇಶ ಸ್ವೀಕರಿಸಿತು, ಈ ನಿಲುವನ್ನು ಸ್ವೀಕರಿಸಲಿಲ್ಲ. ಇದು ದೊಡ್ಡ ನಷ್ಟ ಎಂದೇ ನನ್ನ ತೀರ್ಮಾನ.

3. ಕತೆಯ ಲೆಕ್ಕ ಎಲ್ಲರ ಕತೆಯಲ್ಲ.

ಡಚ್ ಗಣಿತ ಬದುಕಿನ ಸಂದರ್ಭದಿಂದ ಹೊರಡುತ್ತದೆ. ಒಳ್ಳೆಯದೇ. ಸೂತ್ರವನ್ನು ಮೊದಲು ಮಾತಿನಲ್ಲಿ ಬರೆಸುತ್ತಾರೆ, ಆಮೇಲೆ ಅಕ್ಷರಕ್ಕೆ ಇಳಿಸುತ್ತಾರೆ. ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ ನಲ್ಲಿ ರಿಪೇರಿಯವನದು: ಮನೆಗೆ ಬಂದದ್ದಕ್ಕೆ ಇಷ್ಟು ಯೂರೋ, ಆಮೇಲೆ ಗಂಟೆಗೆ ಇಷ್ಟು. ಮನೆಗೆ ಬಂದದ್ದಕ್ಕೆ ಕೊಡುವ ಹಣದ ಹೆಸರು ‘ಫೋರ್‌ರೈಕೋಸ್ಟನ್’. ಸಿರಿಯಾದಿಂದ ಬಂದು ಎರಡು ವರ್ಷವಾಗಿದ್ದ ಹುಡುಗ ಇಡೀ ಪುಟವನ್ನು ಖಾಲಿ ಬಿಟ್ಟ. ಯಾಕೆಂದು ಕೇಳಿದೆ. ‘ಫೋರ್’ ಎಂದರೆ ಮುಂದೆ, ‘ರೈ’ ಎಂದರೆ ಸಾಲು ಎಂದು ಅವನು ಭಾಷಾ ತರಗತಿಯಲ್ಲಿ ಕಲಿತಿದ್ದ. “ಮೆವ್ರೌ (ಮೇಡಂ), ನಲ್ಲಿ ರಿಪೇರಿಗೆ ಮುಂದಿನ ಸಾಲಿನ ಟಿಕೆಟ್ ಯಾಕೆ?” ಎಂದ. ‘ರೈ’ ಗಾಡಿ ಓಡಿಸುವುದಕ್ಕೂ ಸಂಬಂಧಿಸಿದ್ದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಮನೆಯಲ್ಲಿ ನಲ್ಲಿ ಕೆಟ್ಟರೆ ಚಿಕ್ಕಪ್ಪ ಬಂದು ಸರಿಮಾಡುತ್ತಾನೆ, ಊಟ ಮಾಡಿ ಹೋಗುತ್ತಾನೆ.

ನಾನು ಬೆಂಗಳೂರಿನ ಆಟೋ ಮೀಟರಿನ ಕತೆ ಹೇಳಿದೆ. ಹತ್ತಿ ಕೂತರೆ ಕನಿಷ್ಠ ದರ, ಎರಡು ಕಿಲೋಮೀಟರ್ ದಾಟಿದ ಮೇಲೆ ಕಿಲೋಮೀಟರಿಗೆ ಇಷ್ಟು. ಅವನು ತನ್ನೂರಿನ ಟ್ಯಾಕ್ಸಿಯ ಲೆಕ್ಕ ಹೇಳಿದ, ನಾನು ಕೇಳದೆಯೇ ಸೂತ್ರ ಬರೆದ, ನನ್ನ ಆಟೋ ಲೆಕ್ಕದಲ್ಲಿ ಮೊದಲ ಎರಡು ಕಿಲೋಮೀಟರಿನ ಗೆರೆ ಮಲಗಿರಬೇಕು ಎಂದು ಗ್ರಾಫಿನಲ್ಲಿ ತೋರಿಸಿಯೂ ಕೊಟ್ಟ. ಅದು ಮುಂದಿನ ವರ್ಷದ ಪಾಠ.

ಸಂದರ್ಭವನ್ನೇ ಕಿತ್ತುಹಾಕಿ ಬರಿಯ ಅಕ್ಷರ ಕೊಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹತ್ತು ನಿಮಿಷ ತೆಗೆದುಕೊಂಡು ಸಂದರ್ಭವನ್ನು ಬಿಡಿಸಿ ಹೇಳಿ, ಇಲ್ಲವೇ ಮಗುವಿನಿಂದಲೇ ಒಂದನ್ನು ಕೇಳಿ ಪಡೆಯಿರಿ. ಬಾರ್ಬರಾ ಫಾನ್ ಆಮೆರೋಮ್ 2002ರಲ್ಲಿ ಉಟ್ರೆಖ್ಟ್ ವಿಶ್ವವಿದ್ಯಾಲಯದಲ್ಲಿ ಅಂಕಗಣಿತದಿಂದ ಬೀಜಗಣಿತಕ್ಕೆ ದಾಟುವ ದಾರಿಯ ಬಗ್ಗೆಯೇ ಡಾಕ್ಟರೇಟ್ ಪ್ರಬಂಧ ಬರೆದರು. ಅದರಲ್ಲಿ ವಸ್ತುವಿಗೆ ವಸ್ತು ಕೊಡುವ ಹಳೆಯ ವ್ಯಾಪಾರದ ಲೆಕ್ಕಗಳಿವೆ. ಅಂಥವನ್ನು ನಾವು ಬಳಸಿ ನೋಡಿದ್ದೇವೆ. ಕೊಡು ಕೊಳ್ಳುವುದನ್ನು ಅರಿಯದ ಮಗು ಯಾವ ದೇಶದಲ್ಲೂ ಇಲ್ಲ.

4. ಮಗು ಮನೆಯಿಂದ ತಂದದ್ದನ್ನು ಹಲಗೆಯ ಮೇಲೆ ಬರೆಯಿರಿ.

ಡಚ್ಚಿನಲ್ಲಿ 24ನ್ನು ‘ನಾಲ್ಕು ಮತ್ತು ಇಪ್ಪತ್ತು’ ಎಂದು ಓದುತ್ತಾರೆ. ಕನ್ನಡದಲ್ಲಿ ಇಪ್ಪತ್ತು ಮೊದಲು, ನಾಲ್ಕು ಆಮೇಲೆ. ಟರ್ಕಿಯ ಭಾಷೆಯಲ್ಲೂ ಹಾಗೆಯೇ. ಹೊಸದಾಗಿ ಬಂದ ಮಗು ಕಿವಿಯಲ್ಲಿ ಕೇಳಿದ 24ನ್ನು 42 ಎಂದು ಬರೆದರೆ ಅದು ಗಣಿತದ ತಪ್ಪಲ್ಲ. ಇದನ್ನು ಸಹೋದ್ಯೋಗಿಗಳಿಗೆ ಹೇಳಿದಾಗ ಒಬ್ಬರು ತಮ್ಮ ಹಳೆಯ ಉತ್ತರಪತ್ರಿಕೆಗಳನ್ನು ಮತ್ತೆ ತೆಗೆದು ನೋಡಿದರು.

ಆ ಸಿರಿಯಾದ ಹುಡುಗ ಅವ್ಯಕ್ತಕ್ಕೆ, ಅಂದರೆ ಬೆಲೆ ತಿಳಿಯದ ಸಂಖ್ಯೆಗೆ, ಅರಬ್ಬಿಯ ‘ಸೀನ್’ ಅಕ್ಷರ ಬರೆಯುತ್ತಿದ್ದ. ಅಳಿಸಬೇಡ ಎಂದೆ. ಅಂದಿನ ಪಾಠವನ್ನು ಬಿಟ್ಟು ಹಲಗೆಯ ಮೇಲೆ ಮೂರು ಹೆಸರು ಬರೆದೆ. ಬೀಜಗಣಿತಕ್ಕೆ ಯುರೋಪಿನ ಭಾಷೆಗಳಲ್ಲಿರುವ ಹೆಸರು ಬಂದದ್ದು 9ನೇ ಶತಮಾನದ ಬಗ್ದಾದಿನ ಅಲ್ ಖ್ವಾರಿಜ್ಮಿಯ ಗ್ರಂಥದಿಂದ. 12ನೇ ಶತಮಾನದ ನಮ್ಮ ಭಾಸ್ಕರಾಚಾರ್ಯ ಅವ್ಯಕ್ತವನ್ನು ‘ಯಾವತ್ತಾವತ್’ ಎಂದು ಕರೆದು, ಎರಡನೆಯದಕ್ಕೆ ಕಪ್ಪು, ಮೂರನೆಯದಕ್ಕೆ ನೀಲಿ ಎಂದು ಬಣ್ಣದ ಹೆಸರು ಕೊಟ್ಟ. ಇಂದು ಎಲ್ಲರೂ ಬರೆಯುವ ಎಕ್ಸ್, ವೈ ಬಳಕೆಗೆ ನೆಲೆ ಕೊಟ್ಟ ಡೇಕಾರ್ಟನ ಪುಸ್ತಕ 1637ರಲ್ಲಿ ಅಚ್ಚಾದದ್ದು ಇಲ್ಲೇ, ನಮ್ಮ ಶಾಲೆಯಿಂದ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದ ಲೈಡನ್ ಊರಿನಲ್ಲಿ. ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದ ಬಗ್ಗೆಯೂ ಹೇಳಿದೆ. ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದದ್ದನ್ನು ಹೇಳುವ ಹೊತ್ತಿಗೆ ಗಂಟೆ ಹೊಡೆಯಿತು. ಮರುದಿನ ಹಿಂದಿನ ಬೆಂಚಿನಿಂದ ಟರ್ಕಿ ಮೂಲದ ಹುಡುಗಿಯೊಬ್ಬಳು ತನ್ನ ಅವ್ಯಕ್ತಕ್ಕೆ ಹಸಿರು ಬಣ್ಣ ಬಳಿದು ತಂದಿದ್ದಳು.

5. ಅಭ್ಯಾಸವನ್ನು ಮನೆಗೆ ಬಿಡಬೇಡಿ.

ಅರ್ಥ ಮಾಡಿಸುವುದು ಮುಖ್ಯವೋ, ರೂಢಿ ಮಾಡಿಸುವುದು ಮುಖ್ಯವೋ ಎಂದು ಈ ದೇಶದಲ್ಲಿ ದೊಡ್ಡ ಜಗಳವೇ ನಡೆದಿದೆ. 2006ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮಗೆ ಬೀಜಗಣಿತದ ಕೈಚಳಕ ಬಾರದೆಂದು ‘ಪ್ರಿಯ ಮಾರಿಯಾ’ ಎಂದು ಸಂಬೋಧಿಸಿ ಶಿಕ್ಷಣ ಸಚಿವೆಗೆ ಮನವಿ ಕೊಟ್ಟರು. 2009ರಲ್ಲಿ ಇಲ್ಲಿನ ವಿಜ್ಞಾನಗಳ ರಾಯಲ್ ಅಕಾಡೆಮಿಯ ಸಮಿತಿ ಪ್ರಾಥಮಿಕ ಶಾಲೆಯ ಲೆಕ್ಕದ ಎರಡು ಪದ್ಧತಿಗಳನ್ನೂ ಪರಿಶೀಲಿಸಿ, ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳುವಷ್ಟು ಆಧಾರವಿಲ್ಲ, ಶಿಕ್ಷಕರ ಸಾಮರ್ಥ್ಯವೇ ನಿರ್ಣಾಯಕ ಎಂದಿತು. ದೇಶದೇಶಗಳ ಮಕ್ಕಳನ್ನು ಹೋಲಿಸುವ ಪೀಸಾ ಪರೀಕ್ಷೆಯಲ್ಲಿ ಈ ದೇಶದ ಗಣಿತದ ಅಂಕ 2018ರಲ್ಲಿ 519 ಇದ್ದದ್ದು 2022ಕ್ಕೆ 493ಕ್ಕೆ ಇಳಿದಾಗ ಅದೇ ಜಗಳ ಮತ್ತೆ ಎದ್ದಿತು.

ನನ್ನ ಅನುಭವದಲ್ಲಿ ಈ ಜಗಳದ ಬೆಲೆ ತೆರುವವರು ಬಡ ಮಕ್ಕಳು. ಶಾಲೆಯಲ್ಲಿ ಅಭ್ಯಾಸ ಕಡಿಮೆಯಾದರೆ ಅನುಕೂಲವಂತರ ಮನೆ ಟ್ಯೂಷನ್ನಿನಿಂದ ಅದನ್ನು ತುಂಬಿಕೊಳ್ಳುತ್ತದೆ. ಐದು ಜನ ಎರಡು ಕೋಣೆಯಲ್ಲಿರುವ ಮನೆ ತುಂಬಿಕೊಳ್ಳಲಾರದು. ಕೊರೊನಾ ಕಾಲದ ಮೊದಲ ಎಂಟು ವಾರ ಶಾಲೆ ಮುಚ್ಚಿದ್ದರ ಪರಿಣಾಮವನ್ನು ಡಚ್ ಪ್ರಾಥಮಿಕ ಶಾಲೆಗಳ ಮಕ್ಕಳಲ್ಲಿ ಅಳೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಕಂಪ್ಯೂಟರು, ಇಂಟರ್‌ನೆಟ್ಟು ಎಲ್ಲ ಇದ್ದ ಈ ದೇಶದಲ್ಲೂ ಕಡಿಮೆ ಓದಿದ ತಂದೆತಾಯಿಯ ಮಕ್ಕಳಿಗೆ ಆದ ನಷ್ಟ ಉಳಿದವರಿಗಿಂತ ಶೇ. 60ರವರೆಗೆ ಹೆಚ್ಚಿತ್ತು.

ಆದ್ದರಿಂದ ನಾವು ಹೋಂವರ್ಕ್ ನಿಲ್ಲಿಸಿ ಪ್ರತಿ ಪಾಠದ ಮೊದಲ ಹದಿನೈದು ನಿಮಿಷವನ್ನು ಅಭ್ಯಾಸಕ್ಕೇ ಇಟ್ಟಿದ್ದೇವೆ. ಒಂದೇ ನಮೂನೆಯ ಮೂವತ್ತು ಲೆಕ್ಕ ಕೊಡುವುದಿಲ್ಲ. ಮಾರ್ಟಿನ್ ಕಿಂಟ್ ಅವರ ‘ಪಾಸಿಟಿವ್ ಆಲ್ಜಿಬ್ರಾ’ ಎಂಬ ಪುಸ್ತಕದಿಂದ ಇದನ್ನು ಕಲಿತೆವು: ಉತ್ತರ 7 ಬರುವ ಸಮೀಕರಣಗಳನ್ನು ನೀನೇ ಕಟ್ಟು ಎನ್ನುವಂಥ ಲೆಕ್ಕಗಳಲ್ಲಿ ಕೈಯೂ ಪಳಗುತ್ತದೆ, ತಲೆಯೂ ಎಚ್ಚರವಾಗಿರುತ್ತದೆ.

6. ಸಂಶೋಧಕರು ಪ್ರಶ್ನೆಯನ್ನು ನಮ್ಮಿಂದ ಪಡೆಯಬೇಕು, ಉತ್ತರವನ್ನು ನಮ್ಮೊಡನೆ ಹುಡುಕಬೇಕು.

ಮೊದಲು ಬಂದ ಸಂಶೋಧಕರೊಬ್ಬರು ಪ್ರಶ್ನಾವಳಿ ಹಂಚಿ, ತುಂಬಿಸಿಕೊಂಡು ಹೋದರು. ಅದರಿಂದ ಏನಾಯಿತೆಂದು ನಮಗೆ ತಿಳಿಯಲೇ ಇಲ್ಲ. ಈಗಿನವರು ಬಂದ ದಿನ “ನಿಮಗೆ ನಿದ್ದೆಗೆಡಿಸುವ ಲೆಕ್ಕ ಯಾವುದು?” ಎಂದು ಕೇಳಿದರು. ಅಲ್ಲಿಂದ ಕೆಲಸ ಶುರುವಾಯಿತು. ಎಲ್ಲರೂ ಸೇರಿ ಒಂದು ಪಾಠ ಕಟ್ಟುತ್ತೇವೆ. ಒಬ್ಬರು ಅದನ್ನು ಮಾಡುತ್ತಾರೆ. ಉಳಿದವರು ತಲಾ ಮೂವರು ಮಕ್ಕಳನ್ನು ಮಾತ್ರ ನೋಡುತ್ತಾರೆ, ಪಾಠ ಮಾಡುವವರನ್ನು ನೋಡುವುದಿಲ್ಲ. ಜಪಾನಿನ ಶಿಕ್ಷಕರಿಂದ ಬಂದ ಪದ್ಧತಿ ಇದು. ಎರಡು ವಾರದ ನಂತರ ತಿದ್ದಿದ ಪಾಠವನ್ನು ಬೇರೆ ತರಗತಿಯಲ್ಲಿ ಮತ್ತೆ ಮಾಡುತ್ತೇವೆ. 2016ರಲ್ಲಿ ಆಮ್‌ಸ್ಟರ್‌ಡ್ಯಾಮ್, ಉಟ್ರೆಖ್ಟ್, ಟಿಲ್‌ಬರ್ಗ್ ಊರುಗಳಲ್ಲಿ ಶಾಲೆಗಳನ್ನೂ ವಿಶ್ವವಿದ್ಯಾಲಯಗಳನ್ನೂ ಕೂಡಿಸಿ ‘ಶಿಕ್ಷಣ ಸಂಶೋಧನಾ ಕಾರ್ಯಾಗಾರ’ಗಳನ್ನು ತೆರೆದಾಗ ನಮ್ಮಂಥ ಸಣ್ಣ ಗುಂಪುಗಳಿಗೂ ಧೈರ್ಯ ಬಂತು.

ಗ್ರೂಪ್ 8ರ ಶಿಕ್ಷಕಿಯರಿಲ್ಲದೆ ಇದೊಂದೂ ಆಗುತ್ತಿರಲಿಲ್ಲ. ಡಚ್ಚಿನಲ್ಲಿ ಪ್ರಾಥಮಿಕ ಶಾಲೆಯ ಲೆಕ್ಕಕ್ಕೊಂದು ಹೆಸರು, ಪ್ರೌಢಶಾಲೆಯ ಗಣಿತಕ್ಕೆ ಇನ್ನೊಂದು ಹೆಸರು. ಎರಡೂ ಕಡೆಯ ಶಿಕ್ಷಕರು ಒಬ್ಬರನ್ನೊಬ್ಬರು ಭೇಟಿಯಾಗುವುದೇ ಇಲ್ಲ. ಮಗು ಬಿದ್ದು ಹೋಗುವುದು ಸರಿಯಾಗಿ ಆ ನಡುವಿನ ಸಂದಿಯಲ್ಲಿ.

7. ‘ಗಣಿತ ಬಿಟ್ಟುಬಿಡು’ ಎಂಬ ಮಾತನ್ನು ಸುಲಭವಾಗಿ ಆಡಬಾರದು. ವಿಎಂಬಿಒದ ಮೇಲಿನ ತರಗತಿಗಳಲ್ಲಿ ಎಲ್ಲ ವಿಭಾಗಕ್ಕೂ ಗಣಿತ ಕಡ್ಡಾಯವಿಲ್ಲ. ಹದಿನಾಲ್ಕರ ಹುಡುಗಿ ಅದನ್ನು ಬಿಟ್ಟರೆ ಮುಂದೆ ಯಾವ ಯಾವ ಬಾಗಿಲು ಮುಚ್ಚುತ್ತವೆ ಎಂದು ಕಾಗದದ ಮೇಲೆ ಬರೆದು, ಅವಳ ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿಸಿದ ಮೇಲೆಯೇ ನಾವು ಸಹಿ ತೆಗೆದುಕೊಳ್ಳುತ್ತೇವೆ.

8. ಕೇಳುವ ಹಕ್ಕು ಎಲ್ಲರಿಗೂ ಇದೆ, ಗೊತ್ತಿರುವುದು ಕೆಲವರಿಗೆ.

ಎರಡು ವರ್ಷದ ಹಿಂದೆ ಆಮ್‌ಸ್ಟೆಲ್‌ವೇನಿನ ಕನ್ನಡ ಮನೆಯೊಂದರಿಂದ ಫೋನ್ ಬಂತು. “ಅಕ್ಕಾ, ಮಗನಿಗೆ ವಿಎಂಬಿಒ ಅಂತ ಬರೆದುಬಿಟ್ಟಿದಾರೆ. ಏನ್ ಮಾಡೋದು?” ಶಾಲೆಗೆ ಹೋಗಿ ಕಾರಣ ಕೇಳಿ, ಅವನ ನೋಟ್‌ಬುಕ್ ತೋರಿಸಲು ಹೇಳಿ, ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮತ್ತೆ ಕೇಳಿ ಎಂದೆ. ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಹೋದರು. ಫಲಿತಾಂಶ ಮೇಲಿತ್ತು, ಸಲಹೆ ಹಾವೋಗೆ ಏರಿತು. ನನಗೆ ಸಂತೋಷವಾಯಿತು. ಅದೇ ವಾರ ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿಯನ್ನು ಭೇಟಿಯಾದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಚೇರಿಗಳನ್ನು ಗುಡಿಸಿ ಒರೆಸುವವರು. ತಮ್ಮ ಮಗಳ ಸಲಹೆಯ ಬಗ್ಗೆ ಹಿಂದಿನ ವರ್ಷ ಪ್ರಶ್ನೆ ಕೇಳಬಹುದಿತ್ತು ಎಂಬುದೇ ಅವರಿಗೆ ಗೊತ್ತಿರಲಿಲ್ಲ. “ಸರಕಾರ ಬರೆದದ್ದಲ್ಲವೇ?” ಎಂದರು.

ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್, ವೆಲ್ಡ್‌ಹೋವನ್, ಹೇಗ್ ಊರುಗಳಲ್ಲಿರುವ ಕನ್ನಡದ ತಂದೆತಾಯಿಗಳಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮಗುವಿಗಾಗಿ ಶಾಲೆಗೆ ಹೋಗುವ ದಿನ, ಗೇಟಿನ ಬಳಿ ನಿಮ್ಮೊಡನೆ ಮಗುವನ್ನು ಕಾಯುತ್ತಾ ನಿಲ್ಲುವ ಇನ್ನೊಬ್ಬ ತಾಯಿಗೂ ಸಲಹೆಯ ಬಗ್ಗೆ ಪ್ರಶ್ನೆ ಕೇಳಬಹುದೆಂದು ಹೇಳಿ. ಆಕೆಗೆ ಡಚ್ ಬಾರದಿದ್ದರೆ ಜೊತೆಗೆ ಒಳಗೆ ಹೋಗಿ. ಮೊದಲ ಸಲಹೆ ಜನವರಿ 31ರೊಳಗೆ ಬರುತ್ತದೆ, ಅಂತಿಮ ಸಲಹೆ ಮಾರ್ಚ್ 24ರೊಳಗೆ. ಪ್ರೌಢಶಾಲೆಗೆ ಹೆಸರು ನೋಂದಾಯಿಸುವುದು ಮಾರ್ಚ್ 25ರಿಂದ 31ರವರೆಗೆ.